ಹಾಲು ಬಿಡಿ ಎನ್ನುವ ಸಾಲು ಬಿಡಿ

ನಮಸ್ಕಾರ. ರಕ್ತನಾಳ ಮತ್ತು ಕ್ಯಾಲ್ಸಿಯಂ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗ ಇರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ತಿದ್ದಲು ಯೋಗ್ಯವಾದ ಬರಹ, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಮೊದಲು ಕೊನೆಯ ಸಾಲು. ‘ಕ್ಯಾಲ್ಸಿಯಂ ನಾಳವನ್ನು ಬಿಗಿ ಮಾಡುತ್ತದೆ, ಆದ್ದರಿಂದ ಬಿಪಿ ಇರುವವರು ಹಾಲು ಬಿಡಬೇಕು’ ಎಂದಿದ್ದೀರಿ. ಇದನ್ನು ನಂಬಿ ಯಾರಾದರೂ ಹಾಲು, ಮೊಸರು ಬಿಟ್ಟರೆ? ಜೀವಕೋಶದ ಹೊರಗೆ ಕ್ಯಾಲ್ಸಿಯಂ ಒಳಗಿಗಿಂತ ಸುಮಾರು 10,000 ಪಟ್ಟು ಜಾಸ್ತಿ ಎಂದು ನೀವೇ ಬರೆದಿದ್ದೀರಿ. ಅಂದರೆ ಹೊರಗೆ ಅದಕ್ಕೆ ಬರವಿಲ್ಲ. ನಾಳ ಎಷ್ಟು ಬಿಗಿಯಾಗಬೇಕು ಎನ್ನುವುದರಲ್ಲಿ ಜೀವಕೋಶದ ಪೊರೆಯಲ್ಲಿರುವ, ಕ್ಯಾಲ್ಸಿಯಂ ಒಳಗೆ ಬಿಡುವ ಬಾಗಿಲುಗಳಾದ ಎಲ್-ಟೈಪ್ ಚಾನೆಲ್‌ಗಳು ಎಷ್ಟು ತೆರೆದಿವೆ ಎನ್ನುವುದೇ ಮುಖ್ಯ. ಒಂದು ಲೋಟ ಹಾಲು ಅವನ್ನು ತೆರೆಯುವುದಿಲ್ಲ. ರಕ್ತದಲ್ಲಿನ ಕ್ಯಾಲ್ಸಿಯಂ ಮಟ್ಟವನ್ನಂತೂ ಕುತ್ತಿಗೆಯಲ್ಲಿನ ಸಣ್ಣ ಗ್ರಂಥಿಗಳಿಂದ ಬರುವ ಪ್ಯಾರಾಥೈರಾಯ್ಡ್ ಹಾರ್ಮೋನು ಕಾಯುತ್ತಲೇ ಇರುತ್ತದೆ.

ಟ್ರೋಪೋನಿನ್ ಎಂಬ ಪ್ರೋಟೀನಿನ ಮಾತು ತೆಗೆಯಿರಿ. ಅದು ಕೈಕಾಲಿನ ಮತ್ತು ಹೃದಯದ ಸ್ನಾಯುವಿನ ಕಥೆ. ರಕ್ತನಾಳದ ನಯ ಸ್ನಾಯುವಿನಲ್ಲಿ ಒಳಗೆ ಬಂದ ಕ್ಯಾಲ್ಸಿಯಂ ಕೂಡಿಕೊಳ್ಳುವುದು ಕ್ಯಾಲ್ಮಾಡ್ಯುಲಿನ್ ಎಂಬ ಇನ್ನೊಂದು ಪ್ರೋಟೀನಿನ ಜೊತೆ. ಆ ಜೋಡಿ ಒಂದು ಕಿಣ್ವವನ್ನು ಎಬ್ಬಿಸುತ್ತದೆ, ಕಿಣ್ವ ಸ್ನಾಯುವಿನ ಪ್ರೋಟೀನಾದ ಮಯೋಸಿನ್‌ಗೆ ಫಾಸ್ಫೇಟ್ ಅಂಟಿಸುತ್ತದೆ, ಆಮೇಲೆ ಮಯೋಸಿನ್ ಪಕ್ಕದ ಆಕ್ಟಿನ್ ಎಳೆಗಳನ್ನು ಜಗ್ಗುತ್ತದೆ, ನಾಳ ಬಿಗಿಯಾಗುತ್ತದೆ. ಇಷ್ಟು ಸಾಕು.

ನಿಮ್ಮ ಲೇಖನದ ಜೀವ ಇರುವುದು ಅತ್ತೆಯವರ ಪ್ರಸಂಗದಲ್ಲಿ. ಆಮ್ಲೊಡಿಪಿನ್ ಎಂಬ ಬಿಪಿ ಮಾತ್ರೆ ಶುರು ಮಾಡಿದ ಮೇಲೆ ಅವರ ಪಾದ ಊದಿತು. ‘ಕಿಡ್ನಿ ಸೋತಿರಬೇಕು’ ಎಂದು ಸುಮ್ನೆ ದಾಟಿಬಿಟ್ಟಿದ್ದೀರಿ. ಪರೀಕ್ಷೆ ಮಾಡಿಸಿದ ಸುಳಿವೇ ಇಲ್ಲ! ಆ ಮಾತ್ರೆ ಇದೇ ಚಾನೆಲ್‌ಗಳನ್ನು ತಡೆಯುತ್ತದೆ. ಸಣ್ಣ ಅಪಧಮನಿಗಳು ಸಡಿಲವಾಗುತ್ತವೆ, ಅಭಿಧಮನಿಗಳು ಅಷ್ಟಾಗಿ ಆಗುವುದಿಲ್ಲ. ನಡುವಿನ ಲೋಮನಾಳಗಳಲ್ಲಿ ಒತ್ತಡ ಏರಿ ನೀರು ಹೊರಗೆ ಜಿನುಗುತ್ತದೆ. ಈ ಊತ ನೀರಿನ ಮಾತ್ರೆಗೆ (ಮೂತ್ರ ಹೆಚ್ಚಿಸುವ ಮಾತ್ರೆಗೆ) ಸರಿಯಾಗಿ ಜಗ್ಗದಿರುವುದೂ ಅದಕ್ಕೇ. ಊತಕ್ಕೆ ಬೇರೆ ಕಾರಣವೂ ಇರಬಹುದು, ಹಾಗಾಗಿ ಮಾತ್ರೆ ತಾವಾಗಿ ನಿಲ್ಲಿಸದೆ ವೈದ್ಯರಿಗೆ ಹೇಳಬೇಕು ಎಂದು ಸೇರಿಸಿ. ಬರಹ ಇಲ್ಲಿಂದಲೇ ಶುರುವಾಗಲಿ. ದೇಹವನ್ನು ಹೊಗಳುವ ಮೊದಲ ಎರಡು ಪ್ಯಾರಾ ಯಾರಿಗೂ ಬೇಕಿಲ್ಲ.

‘ನಾಳ ಸ್ವಲ್ಪ ಕಿರಿದಾದರೆ ಸ್ವಲ್ಪ ತೊಂದರೆ’ ಎಂಬುದೂ ತಪ್ಪು. ತ್ರಿಜ್ಯ ಅರ್ಧವಾದರೆ ಹರಿವಿಗೆ ಅಡ್ಡಿ 16 ಪಟ್ಟಾಗುತ್ತದೆ. ಓದುಗರು ಇಲ್ಲಿ ನಿಂತು ಯೋಚಿಸುತ್ತಾರೆ, ಅಲ್ವಾ?

ಇತಿಹಾಸ ಬೇಕೆಂದರೆ ಒಂದೇ ಸಾಲು: 1960ರ ದಶಕದಲ್ಲಿ ಜರ್ಮನಿಯ ಫ್ರೈಬರ್ಗ್‌ನಲ್ಲಿ ಶರೀರಶಾಸ್ತ್ರಜ್ಞ ಆಲ್ಬ್ರೆಕ್ಟ್ ಫ್ಲೆಕೆನ್‌ಸ್ಟೈನ್, ಇದೇ ಚಾನೆಲ್‌ಗಳನ್ನು ತಡೆಯುವ ವೆರಾಪಮಿಲ್ ಔಷಧದ ಮೇಲೆ ನಡೆಸಿದ ಕೆಲಸ.

ಎಂಟುನೂರು ಪದ ದಾಟಬೇಡಿ. ಅತ್ತೆಯವರನ್ನು ಕೇಳಿಯೇ ಅವರ ವಿಷಯ ಬರೆಯಿರಿ, ಹೆಸರು ಬೇಡ.