ಅಪ್ಪನ ಟ್ರಂಕಿನಲ್ಲಿರುವ ನಕ್ಷೆಗಳು

ಪ್ರಶ್ನೆ: ನಮ್ಮ ಅಪ್ಪ ಹುಬ್ಬಳ್ಳಿಯಲ್ಲಿ ಬಟ್ಟೆ ಅಂಗಡಿ, ಖಾನಾವಳಿ, ಮನೆಗಳ ಒಳಾಂಗಣ ವಿನ್ಯಾಸ ಮಾಡುತ್ತಿದ್ದರು. ಈಗ ಅವರಿಗೆ 86 ವರ್ಷ. ಒಂದು ಟ್ರಂಕಿನ ತುಂಬ ನಕ್ಷೆ, ಬಟ್ಟೆ ತುಂಡು, ಸನ್‌ಮೈಕಾ ಚೂರುಗಳಿವೆ. ಮನೆ ಬದಲಿಸುತ್ತಿದ್ದೇವೆ, ರದ್ದಿಗೆ ಹಾಕು ಅಂತಾನೆ ಅಣ್ಣ. ಇಂಥವನ್ನು ಯಾರಾದರೂ ಕಾಪಾಡುತ್ತಾರಾ?
– ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ದಯವಿಟ್ಟು ಹಾಕಬೇಡಿ. ಅಣ್ಣನವರಿಗೆ ಒಂದು ತಿಂಗಳು ತಡೆಯಲು ಹೇಳಿ.

ಅಮೆರಿಕದಲ್ಲಿ ಫ್ಲಾರೆನ್ಸ್ ನೋಲ್ ಅಂತ ಒಬ್ಬ ವಿನ್ಯಾಸಕಿ ಇದ್ದರು, ಹುಟ್ಟಿದ್ದು 1917ರಲ್ಲಿ. ಗಂಡ ಹಾನ್ಸ್ ನೋಲ್ ಜೊತೆ ಪೀಠೋಪಕರಣ ಕಂಪನಿ ಬೆಳೆಸಿದರು. 1955ರಲ್ಲಿ ಗಂಡ ಅಪಘಾತದಲ್ಲಿ ತೀರಿಕೊಂಡ ಮೇಲೆ ತಾವೇ ಕಂಪನಿ ನಡೆಸಿದರು. ದೊಡ್ಡ ದೊಡ್ಡ ಆಫೀಸುಗಳ ಒಳಾಂಗಣ ಮಾಡಿ 1965ರಲ್ಲಿ ನಿವೃತ್ತರಾದರು. ಅವರ ಕೆಲಸದ ರೀತಿ ಕೇಳಿ: ಕೋಣೆಯ ನಕ್ಷೆಯಲ್ಲಿ ಸೋಫಾ ಬರುವ ಕಡೆ ಆ ಸೋಫಾದ್ದೇ ಬಟ್ಟೆ ಚೂರು, ಮೇಜು ಬರುವ ಕಡೆ ಮರದ ತೆಳು ಚೂರು ಅಂಟಿಸಿ ಗಿರಾಕಿಗೆ ತೋರಿಸುತ್ತಿದ್ದರು. ನಿಮ್ಮ ಟ್ರಂಕಿನಲ್ಲಿ ಇರೋದೂ ಇದೇ ಸಾಮಾನು ಅಲ್ವಾ?

2000ದಲ್ಲಿ, ಎಂಬತ್ತು ದಾಟಿದ್ದಾಗ, ಫ್ಲಾರೆನ್ಸ್ ತಮ್ಮ ಈ ನಕ್ಷೆಗಳನ್ನೆಲ್ಲ ಅಮೆರಿಕದ ದೊಡ್ಡ ವಸ್ತುಸಂಗ್ರಹಾಲಯ ಸಂಸ್ಥೆಯಾದ ಸ್ಮಿತ್‌ಸೋನಿಯನ್‌ನ ಕಲಾ ದಾಖಲೆ ಸಂಗ್ರಹಕ್ಕೆ ಕೊಟ್ಟರು. ಸುಮ್ನೆ ಗಂಟು ಕಟ್ಟಿ ಕೊಡಲಿಲ್ಲ. ತಾವೇ ಆರಿಸಿ, ಜೋಡಿಸಿ, ಟಿಪ್ಪಣಿ ಬರೆದು ಕೊಟ್ಟರು. ಇವತ್ತು ಯಾರು ಬೇಕಾದರೂ ಅಂತರ್ಜಾಲದಲ್ಲಿ ಅವನ್ನು ನೋಡಬಹುದು. ಅವರು ತೀರಿಕೊಂಡದ್ದು 2019ರಲ್ಲಿ, 101ನೇ ವಯಸ್ಸಿಗೆ.

ನನಗೆ ಮುಖ್ಯ ಅನಿಸೋದು ಆ ಟಿಪ್ಪಣಿಗಳು. ನಿಮ್ಮ ಅಪ್ಪ ಇನ್ನೂ ಇದ್ದಾರೆ, ಅದೇ ದೊಡ್ಡ ಭಾಗ್ಯ. ಒಂದೊಂದೇ ಹಾಳೆ ಅವರ ಮುಂದೆ ಹಿಡಿದು ಕೇಳಿ, ಮೊಬೈಲ್‌ನಲ್ಲಿ ದನಿ ಮುದ್ರಿಸಿಕೊಳ್ಳಿ. ಇದು ಯಾವ ಅಂಗಡಿ, ಕೊಪ್ಪಿಕರ್ ರಸ್ತೆಯದಾ, ದುರ್ಗದಬೈಲಿನದಾ? ಸಾಗುವಾನಿ ದಾಂಡೇಲಿ ಕಡೆಯದಾ? ಬಡಗಿ ಯಾರು? ಮಾಲೀಕರು ಯಾವುದನ್ನು ಬೇಡ ಅಂದರು? ಹಳೇ ಅಂಗಡಿಗಳನ್ನು ಒಡೆದು ಹೊಸದು ಕಟ್ಟಿದ ಕಡೆ ಈ ಹಾಳೆಯೊಂದೇ ಉಳಿದಿರುತ್ತದೆ.

ಚೂರುಗಳನ್ನು ನಕ್ಷೆಯಿಂದ ಕೀಳಬೇಡಿ. ಮೊದಲು ಇದ್ದ ಹಾಗೇ ಫೋಟೊ ತೆಗೆಯಿರಿ. ತುಕ್ಕು ಹಿಡಿದ ಪಿನ್ನು ಹುಷಾರಾಗಿ ತೆಗೆಯಿರಿ. ಹರಿದಲ್ಲಿ ಸೆಲೋಟೇಪ್ ಹಚ್ಚಬೇಡಿ, ಅದರ ಅಂಟು ಹಳದಿ ಕಲೆ ಬಿಡುತ್ತದೆ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ನೀಲಿ ನಕ್ಷೆಗಳು ಬೆಳಕಿಗೆ ಮಾಸುತ್ತವೆ, ಗೋಡೆಗೆ ತೂಗುಹಾಕುವ ಆಸೆ ಬಿಡಿ. ಮಳೆಗಾಲದಲ್ಲಿ ಟ್ರಂಕು ನೆಲಕ್ಕೆ ತಾಗದಿರಲಿ.

ಆಮೇಲೆ ನಿಮ್ಮ ವಿದ್ಯಾನಗರದಲ್ಲೇ ಇರುವ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯದ ವಾಸ್ತುಶಿಲ್ಪ ವಿಭಾಗದಲ್ಲಿ ಕೇಳಿ ನೋಡಿ. ಕೊಡುವುದಾದರೆ ಪಟ್ಟಿ ಮಾಡಿ ಕೊಡಿ, ವಿದ್ಯಾರ್ಥಿಗಳಿಗೆ ನೋಡಲು ಬಿಡುತ್ತೇವೆ ಅಂತ ಬರೆಸಿಕೊಳ್ಳಿ.