ಏಳು ಜನರ ಸಂಘ, ಎರಡು ಸಲ ವಾಪಸ್ ಬಂದ ಅರ್ಜಿ

ಪ್ರಶ್ನೆ: ನಾವು ಗದಗದ ಏಳು ಜನ ಚಿತ್ರಕಲಾವಿದರು. ಹಳೇ ಗೋದಾಮೊಂದನ್ನು ಬಾಡಿಗೆಗೆ ಹಿಡಿದು ಸ್ಟುಡಿಯೊ ಮಾಡಿಕೊಂಡಿದ್ದೇವೆ. ಸಂಘ ರಿಜಿಸ್ಟರ್ ಆಗಿ ಎರಡು ವರ್ಷವಾಯಿತು. ತೊಗಲುಗೊಂಬೆ ಕಲಾವಿದರ ಜೊತೆ ಕೂತು ಕೆಲಸ ಮಾಡಬೇಕು ಅಂತ ಎರಡು ಕಡೆ ಅನುದಾನಕ್ಕೆ ಅರ್ಜಿ ಹಾಕಿದೆವು. ಎರಡೂ ವಾಪಸ್ ಬಂದವು, ಕಾರಣ ಯಾರೂ ಹೇಳಲಿಲ್ಲ. ನಮ್ಮ ಇಂಗ್ಲಿಷ್ ಸರಿ ಇಲ್ಲದ್ದಕ್ಕೆ ಹೀಗಾಯಿತಾ ಮೇಡಂ? ಬಾಡಿಗೆ ಬೇರೆ ಮೂರು ತಿಂಗಳು ಬಾಕಿ ಇದೆ. ಅರ್ಜಿಯ ಪ್ರತಿ ಕಳಿಸಿದ್ದೇವೆ, ನೋಡಿ ಹೇಳಿ.

ಉತ್ತರ: ಇಂಗ್ಲಿಷ್ ವಿಷಯ ಮೊದಲು ತಲೆಯಿಂದ ತೆಗೆಯಿರಿ. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ 1995ರಿಂದ ಕಲಾವಿದರಿಗೆ ಅನುದಾನ ಕೊಡುತ್ತಿದೆ, ಅಲ್ಲಿಗೆ ಕನ್ನಡದಲ್ಲೇ ಬರೆದು ಕಳಿಸಬಹುದು. ಕನ್ನಡ ಮತ್ತು ಸಂಸ್ಕೃತಿ ಇಲಾಖೆಗಂತೂ ಇಂಗ್ಲಿಷ್ ಬೇಕಿಲ್ಲ. ನಿಮ್ಮ ಅರ್ಜಿ ಬಿದ್ದಿರುವುದು ಭಾಷೆಯಿಂದಲ್ಲ. ಅದರಲ್ಲಿ ನೀವೇ ಕಾಣಿಸುತ್ತಿಲ್ಲ.

ಮೊದಲ ಪುಟ ಪೂರ್ತಿ "ನಮ್ಮ ನಾಡು ಜಾನಪದ ಕಲೆಗಳ ತವರು" ಅಂತ ಭಾಷಣ ಇದೆ. ಎರಡನೇ ಪುಟದಲ್ಲಿ ಕಲೆ ಅಳಿವಿನಂಚಿನಲ್ಲಿದೆ, ಯುವಪೀಳಿಗೆಗೆ ದಾಟಿಸಬೇಕು. ತೊಗಲುಗೊಂಬೆ ಎನ್ನುವ ಮಾತು ಬರುವುದು ಮೂರನೇ ಪುಟದಲ್ಲಿ! ನಾನು ಎರಡು ಸಲ ಆಯ್ಕೆ ಸಮಿತಿಯಲ್ಲಿ ಕೂತವಳು, ಊಟದ ಹೊತ್ತಿಗೆ ಈ ಅಳಿವಿನಂಚನ್ನು ಇಪ್ಪತ್ತು ಸಲ ಓದಿ ಆಗಿರುತ್ತದೆ. 2025ರಲ್ಲಿ ಕೊಪ್ಪಳ ಜಿಲ್ಲೆ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಬಂತು. ತೊಗಲುಗೊಂಬೆ ಅಂದರೇನು, ಅದು ಎಷ್ಟು ಮುಖ್ಯ ಅಂತ ಈಗ ಎರಡು ಪುಟ ವಿವರಿಸುವ ಕೆಲಸ ನಿಮ್ಮದಲ್ಲ.

ನಿಮ್ಮ ಒಳ್ಳೇ ಮಾತು ಅರ್ಜಿಯಲ್ಲಿ ಇಲ್ಲವೇ ಇಲ್ಲ, ನನಗೆ ಬರೆದ ಪತ್ರದ ಕೊನೆಯಲ್ಲಿ ಇದೆ. "ಗೊಂಬೆಯವರು ಬೆಳಕು ಹಿಂದಿನಿಂದ ಬರುತ್ತೆ ಅಂತ ಲೆಕ್ಕ ಹಾಕಿ ತೊಗಲಿಗೆ ಬಣ್ಣ ಹಾಕುತ್ತಾರೆ, ನಾವು ಬೆಳಕು ಮುಂದಿನಿಂದ ಬೀಳುತ್ತೆ ಅಂದುಕೊಂಡೇ ಬಣ್ಣ ಕಲಿತವರು" ಅಂತ ಸುಮ್ನೆ ಬರೆದಿದ್ದೀರಲ್ಲ, ಅದೇ ನಿಮ್ಮ ಯೋಜನೆ. ಅದನ್ನು ಮೊದಲ ಸಾಲಿಗೆ ತನ್ನಿ. ಆಮೇಲೆ ಯಾವ ಊರು, ಯಾವ ಮನೆತನ, ಅವರು ಒಪ್ಪಿದ್ದಾರಾ, ಎಷ್ಟು ದಿನ ಜೊತೆಗೆ ಕೂರುತ್ತೀರಿ, ಕೊನೆಗೆ ಏನು ಉಳಿಯುತ್ತದೆ, ಉಳಿದದ್ದು ಯಾರದು. ಕೊನೆಯ ಪ್ರಶ್ನೆಯನ್ನು ಎಲ್ಲರೂ ಮರೆಯುತ್ತಾರೆ.

ಈಗ ಬಜೆಟ್. ಸ್ವಲ್ಪ ಬೈಯುತ್ತೇನೆ, ಬೇಜಾರು ಮಾಡ್ಕೋಬೇಡಿ. ಫ್ಲೆಕ್ಸ್, ಆಹ್ವಾನಪತ್ರಿಕೆ, ಉದ್ಘಾಟನೆ, ಶಾಲು, ಹಾರ ಎಲ್ಲ ಸೇರಿ 60,000 ರೂಪಾಯಿ. ಮೂರು ಜನ ಗೊಂಬೆ ಕಲಾವಿದರಿಗೆ ಹತ್ತು ದಿನಕ್ಕೆ ಒಟ್ಟು 15,000. ಅಂದರೆ ಒಬ್ಬರಿಗೆ ದಿನಕ್ಕೆ 500! ಸಮಿತಿಯಲ್ಲಿ ಯಾರಾದರೂ ಒಬ್ಬರು ಈ ಭಾಗಾಕಾರ ಮಾಡೇ ಮಾಡುತ್ತಾರೆ, ಅಲ್ಲಿಗೆ ನಿಮ್ಮ ಕಲಾಪ್ರೇಮದ ಮೂರು ಪುಟವೂ ಮುಗಿಯಿತು. ಇನ್ನು ನಿಮಗೆ ನೀವು ಹಾಕಿಕೊಂಡಿರುವುದು ಸೊನ್ನೆ. ಅದು ತ್ಯಾಗ ಅಂತ ನೀವು ಅಂದುಕೊಂಡಿದ್ದೀರಿ, ಓದುವವರಿಗೆ ಮಾತ್ರ ಇವರು ಕೆಲಸದ ಲೆಕ್ಕವನ್ನೇ ಹಾಕಿಲ್ಲ ಅನ್ನಿಸುತ್ತದೆ. ಯಾರು ಎಷ್ಟು ದಿನ ಕೆಲಸ ಮಾಡುತ್ತಾರೆ, ದಿನಕ್ಕೆ ಏನು ದರ, ಬರೆಯಿರಿ. ಹಣ ತೆಗೆದುಕೊಳ್ಳುವುದಿಲ್ಲ ಅನ್ನುವ ಭಾಗವನ್ನು ಸಂಘದ ಪಾಲು ಅಂತ ಬೇರೆ ಕಾಲಮ್ಮಿನಲ್ಲಿ ತೋರಿಸಿ.

ತೆಗೆದುಕೊಳ್ಳುವುದಾದರೆ ಒಂದು ಎಚ್ಚರ. ಪದಾಧಿಕಾರಿಗಳೇ ಕಲಾವಿದರಾಗಿರುವ ಸಂಘಗಳಲ್ಲಿ ಚೆಕ್ ಬರೆಯುವವರೂ ಪಡೆಯುವವರೂ ಒಬ್ಬರೇ ಆಗಿಬಿಡುತ್ತಾರೆ. ಬೈಲಾದಲ್ಲಿ ಅದಕ್ಕೆ ಅಡ್ಡಿ ಇದೆಯಾ ನೋಡಿ. ಇಲ್ಲದಿದ್ದರೆ ಸಭೆ ಕರೆದು ಠರಾವು ಮಾಡಿ, ಸಂಭಾವನೆ ಪಡೆಯುವವರು ಆ ಚರ್ಚೆ ಮುಗಿಯುವವರೆಗೆ ಹೊರಗೆ ಚಹಾ ಕುಡಿಯಲಿ, ಹಾಗೆ ಹೊರಗಿದ್ದರು ಅಂತ ನಡಾವಳಿ ಪುಸ್ತಕದಲ್ಲೂ ಬರೆಯಿರಿ.

ಎಲ್ಲಿ ಹಾಕಬೇಕು? ಕಂಪನಿಗಳು ಸಮಾಜದ ಕೆಲಸಕ್ಕೆ ಅಂತ ಕೊಡುವ ಸಿಎಸ್ಆರ್ ಹಣ ಸದ್ಯಕ್ಕೆ ಬೇಡ. ಅದಕ್ಕೆ ಆದಾಯ ತೆರಿಗೆ ಇಲಾಖೆಯ 12ಎ (ಸಂಘದ ಆದಾಯಕ್ಕೆ ವಿನಾಯಿತಿ) ಮತ್ತು 80ಜಿ (ದಾನಿಗಳಿಗೆ ವಿನಾಯಿತಿ) ನೋಂದಣಿ, ಮೂರು ವರ್ಷದ ಕೆಲಸದ ದಾಖಲೆ, ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಸಿಎಸ್ಆರ್-1 ನೋಂದಣಿ ಎಲ್ಲ ಬೇಕು. ವಿದೇಶಿ ಹಣದ ಮಾತು ಇನ್ನೂ ದೂರ, ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿಗೆ ಮೂರು ವರ್ಷದಲ್ಲಿ 15 ಲಕ್ಷ ಖರ್ಚು ಮಾಡಿರಬೇಕು. ಕೇಂದ್ರ ಸಂಸ್ಕೃತಿ ಸಚಿವಾಲಯಕ್ಕೆ ಹೋಗುವುದಾದರೆ ಎನ್‌ಜಿಒ ದರ್ಪಣ್ ಅನ್ನುವ ಸರ್ಕಾರಿ ಪೋರ್ಟಲ್‌ನಲ್ಲಿ ಸಂಘವನ್ನು ನೋಂದಾಯಿಸಿ ಐಡಿ ಮಾಡಿಸಿ. ನನ್ನ ಕೇಳಿದರೆ, ಮೊದಲು ನಿಮ್ಮಲ್ಲೊಬ್ಬರು ವೈಯಕ್ತಿಕವಾಗಿ ಸಣ್ಣ ಅನುದಾನಕ್ಕೆ ಹಾಕಿ ಒಂದು ಕೆಲಸ ಚೆನ್ನಾಗಿ ಮುಗಿಸುವುದು ಒಳ್ಳೆಯದು. ಅಷ್ಟರಲ್ಲಿ ಸಂಘದ ಕಾಗದ ಸರಿಮಾಡಿಕೊಳ್ಳಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಗೆ ಏಳು ಜನ ಸಾಕು ಅಂತ ರಿಜಿಸ್ಟರ್ ಮಾಡಿಸಿ ಮರೆತುಬಿಡುವವರೇ ಜಾಸ್ತಿ. ಪ್ರತಿ ವರ್ಷ ಸರ್ವಸದಸ್ಯರ ಸಭೆ ಆಗಿದೆಯಾ, ಪದಾಧಿಕಾರಿಗಳ ಪಟ್ಟಿ ರಿಜಿಸ್ಟ್ರಾರ್ ಕಚೇರಿಗೆ ಹೋಗಿದೆಯಾ, ಆಡಿಟ್ ಆಗಿದೆಯಾ?

ಹಣ ಬಂದ ಮೇಲಿನ ಕಥೆಯೂ ಇದೆ. ಒಬ್ಬರಿಗೆ ಒಂದೇ ದಿನ 10,000 ರೂಪಾಯಿಗಿಂತ ಜಾಸ್ತಿ ನಗದು ಕೊಡಬೇಡಿ, ಬ್ಯಾಂಕಿಗೇ ಹಾಕಿ. ನಗದು ಕೊಟ್ಟು ವೋಚರ್ ಬರೆಸಿದರೆ, 5,000 ದಾಟಿದ್ದಕ್ಕೆ ಒಂದು ರೂಪಾಯಿಯ ರೆವೆನ್ಯೂ ಸ್ಟಾಂಪ್ ಹಚ್ಚಿ ಅದರ ಮೇಲೆ ಸಹಿ ಹಾಕಿಸಿ. ನಾವು ಒಮ್ಮೆ ಸ್ಟಾಂಪ್ ಮರೆತು, ಹಣ ಬಳಕೆ ಪ್ರಮಾಣಪತ್ರ ಕೊಡುವ ಹೊತ್ತಿಗೆ ಆಡಿಟರ್ ವಾಪಸ್ ಕಳಿಸಿ, ಹಣ ಪಡೆದಿದ್ದ ತಮಟೆಯವರ ಸಹಿಗಾಗಿ ಅವರನ್ನು ಹುಡುಕಿಕೊಂಡು ನಾಲ್ಕು ಜಾತ್ರೆ ಸುತ್ತಿದ್ದೇವೆ.

ಬಾಕಿ ಬಾಡಿಗೆಗೆ ಅನುದಾನ ಕೇಳಬೇಡಿ, ಹಳೇ ಸಾಲ ತೀರಿಸಲು ಯಾರೂ ಕೊಡುವುದಿಲ್ಲ. ಗೊಂಬೆಯವರು ಬಂದು ಕೆಲಸ ಮಾಡುವ ದಿನಗಳ ಬಾಡಿಗೆಯನ್ನಷ್ಟೇ ಲೆಕ್ಕ ಹಾಕಿ ಹಾಕಬಹುದು. ಬಾಕಿಗೆ ಬೇಕಾದರೆ ಭಾನುವಾರ ಮಕ್ಕಳಿಗೆ ಚಿತ್ರದ ಕ್ಲಾಸ್ ಶುರುಮಾಡಿ, ಫೀ ಸಂಘದ ಖಾತೆಗೆ ಬರಲಿ, ರಸೀದಿ ಕೊಡಿ. ಬಜೆಟ್ ಹೊಸದಾಗಿ ಬರೆದ ಮೇಲೆ ನನಗೆ ಇನ್ನೊಮ್ಮೆ ಕಳಿಸಿ, ಶಾಲು ಹಾರ ತೆಗೆದು.