ಭಾವನ ಲೆಕ್ಕ ಬಿಡಿ, ತಾರೀಖು ನೋಡಿ

ಪತ್ರ: ಸಂಪಾದಕರೇ, ನನ್ನ ಮಗಳಿಗೆ ಸೆಕೆಂಡ್ ಪಿಯುಸಿ ಸೈನ್ಸಿನಲ್ಲಿ 600ಕ್ಕೆ 427 ಬಂದಿದೆ. ಪಕ್ಕದ ಮನೆ ಹುಡುಗನಿಗೆ 589, ಹಾಗಾಗಿ ನಾವು ಸ್ವೀಟು ಹಂಚಲಿಲ್ಲ. ಅವಳಿಗೆ ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಲ್ಲೇ ಓದಬೇಕಂತೆ. ಅಲ್ಲದಿದ್ದರೆ ದಿಲ್ಲಿಯಲ್ಲಿ ಇತಿಹಾಸ. 71 ಪರ್ಸೆಂಟಿಗೆ ಅಲ್ಲೆಲ್ಲ ಗೇಟಿನೊಳಗೂ ಬಿಡಲಿಕ್ಕಿಲ್ಲ ಅಂತಾರೆ ನನ್ನ ಭಾವ. ದುಡ್ಡು ಕೊಟ್ಟು ಒಂದು ಇಂಜಿನಿಯರಿಂಗ್ ಸೀಟು ಮಾಡಿಸುವುದು ಒಳ್ಳೆಯದಾ?
(ಬ್ರಹ್ಮಾವರದ ಓದುಗರು. ಹೆಸರು ಹಾಕಬೇಡಿ ಅಂದಿದ್ದಾರೆ.)

ಉತ್ತರ: ಮಾರಾಯ್ರೇ, ಪತ್ರ ಉದ್ದವಿತ್ತು, ಕತ್ತರಿಸಿದ್ದೇನೆ. ಕತ್ತರಿಸಿದ ಭಾಗದಲ್ಲೂ ಭಾವನವರೇ ಇದ್ದರು. ಮಗಳಿಗೆ ಸಿಕ್ಕಿದ್ದು ಎರಡೇ ಸಾಲು. ಆ ಎರಡು ಸಾಲಿಗೆ ಮೊದಲು ಉತ್ತರ ಹೇಳುತ್ತೇನೆ.

ಲಾ ಸ್ಕೂಲಿನ ಐದು ವರ್ಷದ ಕೋರ್ಸಿಗೆ ಹೋಗುವುದು ಕ್ಲ್ಯಾಟ್ ಅನ್ನುವ ಕಾನೂನು ಪ್ರವೇಶ ಪರೀಕ್ಷೆ ಬರೆದು. ಅದನ್ನು ಬರೆಯಲು ಪಿಯುಸಿಯಲ್ಲಿ 45 ಪರ್ಸೆಂಟು ಇದ್ದರೆ ಸಾಕು. ಎಸ್‌ಸಿ, ಎಸ್‌ಟಿ ಮಕ್ಕಳಿಗೆ 40. ಅದು ದಾಟಿದ ಮೇಲೆ ನಿಮ್ಮ ಮಗಳ 427ಕ್ಕೂ ಪಕ್ಕದ ಮನೆಯ 589ಕ್ಕೂ ಅಲ್ಲಿ ಒಂದೇ ಬೆಲೆ. 120 ಪ್ರಶ್ನೆ, ಎರಡು ಗಂಟೆ, ತಪ್ಪು ಉತ್ತರಕ್ಕೆ ಕಾಲು ಮಾರ್ಕು ಕಟ್. ಇಂಗ್ಲಿಷು, ಪ್ರಚಲಿತ ವಿದ್ಯಮಾನ, ತರ್ಕ, ಕಾನೂನಿನ ಸಂದರ್ಭ ಕೊಟ್ಟು ಕೇಳುವ ಪ್ರಶ್ನೆ, ಸ್ವಲ್ಪ ಲೆಕ್ಕ. ಬೆಂಜೀನ್ ರಿಂಗ್ ಬಿಡಿಸಿ ಅಂತ ಯಾರೂ ಹೇಳುವುದಿಲ್ಲ. ಜೊತೆಗೆ ಕರ್ನಾಟಕದಲ್ಲಿ ಹತ್ತು ವರ್ಷ ಓದಿದ ಮಕ್ಕಳಿಗೆ ಆ ಲಾ ಸ್ಕೂಲಿನಲ್ಲಿ ಶೇಕಡಾ 25 ಸೀಟು ಮೀಸಲು. ಸುಲಭ ಅಂತ ಹೇಳುತ್ತಾ ಇಲ್ಲ. ಇಡೀ ದೇಶದ ಮಕ್ಕಳು ಅಲ್ಲಿ ಕ್ಯೂ ನಿಂತಿರುತ್ತಾರೆ. ಆದರೆ ಆ ಕ್ಯೂನಲ್ಲಿ ನಿಲ್ಲಬೇಡ ಅಂತ ನಿಮ್ಮ ಮಗಳಿಗೆ ಹೇಳಿದ್ದು ಭಾವ, ಲಾ ಸ್ಕೂಲ್ ಅಲ್ಲ.

ದಿಲ್ಲಿಯ ವಿಷಯದಲ್ಲಿ ಭಾವನವರದ್ದು ಪೂರ್ತಿ ತಪ್ಪಲ್ಲ, ಹಳೇ ಸುದ್ದಿ ಅಷ್ಟೇ. 2021ರಲ್ಲಿ ದಿಲ್ಲಿ ವಿಶ್ವವಿದ್ಯಾಲಯದ ಕೆಲವು ಕಾಲೇಜುಗಳು ಕೆಲವು ಕೋರ್ಸಿಗೆ 100 ಪರ್ಸೆಂಟ್ ಕಟ್ ಆಫ್ ಇಟ್ಟಿದ್ದವು. ಒಂದು ಮಾರ್ಕು ಹೋದರೂ ಮನೆಗೆ. 2022ರಿಂದ ಅದು ಹೋಗಿ ಸಿಯುಇಟಿ ಅನ್ನುವ ದೇಶಕ್ಕೆಲ್ಲ ಒಂದೇ ಪ್ರವೇಶ ಪರೀಕ್ಷೆ ಬಂದಿದೆ. ಈಗ ಸೀಟು ಹಂಚುವುದು ಆ ಪರೀಕ್ಷೆಯ ಸ್ಕೋರ್ ನೋಡಿ. ಕನ್ನಡದಲ್ಲೂ ಬರೆಯಬಹುದು. ನಮ್ಮ ಕಲಬುರಗಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೂ ಅದೇ ದಾರಿ. ಯಾವ ಕೋರ್ಸಿಗೆ ಯಾವ ವಿಷಯ ಬರೆಯಬೇಕು ಅನ್ನುವುದು ಮಾತ್ರ ಬೇರೆ ಬೇರೆ. ಅದನ್ನು ಮೊದಲೇ ಕೂತು ನೋಡಬೇಕು.

ಹಾಗಾದರೆ ಮಾರ್ಕಿಗೆ ಬೆಲೆಯೇ ಇಲ್ಲವಾ? ಇದೆ. ಸಿಇಟಿಯ ಇಂಜಿನಿಯರಿಂಗ್ ರ‍್ಯಾಂಕಿನಲ್ಲಿ ಅರ್ಧ ಪಾಲು ಪಿಯುಸಿಯ ಫಿಸಿಕ್ಸು, ಕೆಮಿಸ್ಟ್ರಿ, ಮ್ಯಾಥ್ಸ್ ಮಾರ್ಕಿನದ್ದೇ. ಸುರತ್ಕಲ್ಲಿನ ಎನ್‌ಐಟಿಕೆಗೆ ಜೆಇಇ ಒಂದೇ ಸಾಲದು, ಸಾಮಾನ್ಯವಾಗಿ ಪಿಯುಸಿಯಲ್ಲಿ 75 ಪರ್ಸೆಂಟೂ ಕೇಳುತ್ತಾರೆ. ಅಂಥ ಕಡೆ ಹೋಗುವ ಮಕ್ಕಳು ಪಿಯುಸಿಯ ಎರಡನೇ ಅವಕಾಶವಾದ ಪರೀಕ್ಷೆ-2 ಬರೆದು ಮಾರ್ಕು ಏರಿಸಿಕೊಳ್ಳಬಹುದು, ಎರಡರಲ್ಲಿ ಜಾಸ್ತಿ ಇದ್ದದ್ದು ಉಳಿಯುತ್ತದೆ. ಕಷ್ಟಪಟ್ಟು 589 ತೆಗೆದ ಹುಡುಗನಿಗೆ ನನ್ನ ಶಾಬಾಸ್. ಮುಂದೆ ಹೋಗೋಣ.

ನಿಮ್ಮ ಮಗಳಿಗೆ ಅಡ್ಡ ಬಂದದ್ದು 427 ಅಲ್ಲ, ತಾರೀಖು. ಕ್ಲ್ಯಾಟ್ ನಡೆಯುವುದು ಡಿಸೆಂಬರಿನಲ್ಲಿ. ರಿಸಲ್ಟ್ ಬರುವ ಹೊತ್ತಿಗೆ ಅದು ಮುಗಿದು ನಾಲ್ಕು ತಿಂಗಳು. ಸಿಯುಇಟಿ ಅರ್ಜಿಯ ಕತೆಯೂ ಹೆಚ್ಚುಕಡಿಮೆ ಅದೇ. ಇದನ್ನು ಅವಳಿಗೆ ಫಸ್ಟ್ ಪಿಯುಸಿಯಲ್ಲೇ ಯಾರಾದರೂ ಹೇಳಬೇಕಿತ್ತು. 2025ರ ಪಿಯುಸಿ ರಿಸಲ್ಟಿನಲ್ಲಿ ಉಡುಪಿ ಜಿಲ್ಲೆ ರಾಜ್ಯಕ್ಕೇ ಮೊದಲು, ದಕ್ಷಿಣ ಕನ್ನಡ ಎರಡನೆಯದು. ಅದರ ಹಿಂದಿನ ವರ್ಷ ದಕ್ಷಿಣ ಕನ್ನಡ ಮೊದಲು, ಉಡುಪಿ ಎರಡನೆಯದು. ಇಷ್ಟು ಬುದ್ಧಿವಂತರ ಊರಿನಲ್ಲಿ ಒಂದು ಹುಡುಗಿಗೆ ಪರೀಕ್ಷೆಯ ತಾರೀಖು ಹೇಳುವವರು ಸಿಗಲಿಲ್ಲ! ನೀಟ್ ಯಾವಾಗ ಅಂತ ಕೇಳಿ, ಮೀನು ಮಾರ್ಕೆಟಿನಲ್ಲೂ ಉತ್ತರ ಸಿಗುತ್ತದೆ.

ಮೇ ತಿಂಗಳಲ್ಲಿ ಹೆದ್ದಾರಿಯಲ್ಲಿ ಉಡುಪಿಯಿಂದ ಮಂಗಳೂರಿಗೆ ಒಮ್ಮೆ ಬಂದು ನೋಡಿ. ಎರಡೂ ಬದಿ ಫ್ಲೆಕ್ಸು. ಸ್ಟ್ಯಾಂಪ್ ಸೈಜಿನಲ್ಲಿ ಮಕ್ಕಳ ಮುಖ, ಕೆಳಗೆ 98.6, 98.1. ಒಂದು ಗಾಳಿಮಳೆಗೆ ಹರಿದು ಕರೆಂಟು ಕಂಬಕ್ಕೆ ಸುತ್ತಿಕೊಂಡಿರುತ್ತವೆ. ಪೇಪರ್ ತೆರೆದರೂ ಪುಟ ತುಂಬ ಅದೇ. ನಮ್ಮ ಪತ್ರಿಕೆಗೂ ಅಂಥ ಜಾಹೀರಾತು ಬಂದಿದೆ, ಹಾಕಿದ್ದೇವೆ. ಸಂಬಳ ಕೊಡಬೇಕಲ್ಲ. ಆದರೆ 71 ಬಂದವರಿಗೆ ಮುಂದೇನು ಅಂತ ಹೇಳುವ ಫ್ಲೆಕ್ಸನ್ನು ನಾನು ಈವರೆಗೆ ಕಂಡಿಲ್ಲ.

ನನ್ನದೇ ಹೇಳುತ್ತೇನೆ. ನನಗೆ ಪಿಯುಸಿಯಲ್ಲಿ 52 ಪರ್ಸೆಂಟು. ಮಂಗಳೂರಿನ ಒಂದು ಕಾಲೇಜಿನಲ್ಲಿ ಬಿಎಸ್ಸಿ ಕೇಳಲು ಅಪ್ಪನ ಜೊತೆ ಹೋಗಿದ್ದೆ. ಕೌಂಟರಿನ ಕ್ಲರ್ಕು ಮಾರ್ಕ್ಸ್ ಕಾರ್ಡ್ ನೋಡಿದರು. ಆಮೇಲೆ ತಿರುಗಿಸಿ ಅದರ ಬೆನ್ನನ್ನೂ ನೋಡಿದರು, ಉಳಿದ ಮಾರ್ಕು ಅಲ್ಲಿರಬಹುದು ಅನ್ನುವ ಹಾಗೆ. ಅಪ್ಪನ ಒದ್ದೆ ಕೊಡೆಯಿಂದ ನೀರು ತೊಟ್ಟಿಕ್ಕಿ ಮೇಜಿನ ಮೇಲಿದ್ದ ಫಾರಂ ಹಾಳಾಯಿತು. ಅಪ್ಪ ಬೈರಾಸಿನಿಂದ ಅದನ್ನು ಒರೆಸಲು ಹೋಗಿ ಶಾಯಿ ಇನ್ನೂ ಹರಡಿತು. ವಾಪಸ್ ಬರುವಾಗ ಬಸ್ಸು ನೇತ್ರಾವತಿ ಸೇತುವೆ ದಾಟಿದರೂ ಅಪ್ಪ ಒಂದು ಮಾತು ಆಡಲಿಲ್ಲ. ಆ ವರ್ಷ ಎಲ್ಲೂ ಸೇರಲಿಲ್ಲ. ಒಂದು ಪ್ರೆಸ್ಸಿನಲ್ಲಿ ಮದುವೆ ಕಾಗದದ ಪ್ರೂಫ್ ನೋಡುತ್ತಾ ಕೂತೆ. ಮರುವರ್ಷ ಅದೇ ಕೌಂಟರು, ಅದೇ 52, ಬಿಎಗೆ ಸೀಟು ಸಿಕ್ಕಿತು. ನನಗೆ ಮೊದಲೇ ಬೇಕಿದ್ದದ್ದು ಅದೇ. ಬಿಎಸ್ಸಿ ಕೇಳಿಸಿದ್ದು ನನ್ನ ಸೋದರಮಾವ. ಪ್ರತಿ ಮನೆಗೂ ಒಬ್ಬರಿರುತ್ತಾರೆ, ಅಲ್ವಾ?

ಇಂಥ ಹೊತ್ತಿನಲ್ಲಿ ಶಿವರಾಮ ಕಾರಂತರನ್ನು ಎಳೆದು ತರುವುದು ನಮ್ಮ ಕಡೆಯ ವಾಡಿಕೆ. ಕಾಲೇಜು ಬಿಟ್ಟರು, ಜ್ಞಾನಪೀಠ ಬಂತು, ನೋಡಿ ಅಂತ. ನಾನು ತರುವುದಿಲ್ಲ. ಅವರು ಬಿಟ್ಟದ್ದು ಗಾಂಧೀಜಿ ಕರೆ ಕೇಳಿ. ಮಾರ್ಕು ಕಡಿಮೆ ಬಂದ ಮಕ್ಕಳನ್ನು ಸಮಾಧಾನ ಮಾಡಲಿಕ್ಕೆ ಅಲ್ಲ. ನಿಮ್ಮ ಮಗಳಿಗೆ ಕಾಲೇಜು ಬಿಡಬೇಕಾಗಿಲ್ಲ, ಸೇರಬೇಕು.

ಇಂಜಿನಿಯರಿಂಗ್ ಸೀಟಿಗೆ ದುಡ್ಡು ಕಟ್ಟಬೇಡಿ. ಬೇಡದ ಕೋರ್ಸಿಗೆ ಲಕ್ಷಗಟ್ಟಲೆ ಸುರಿಯುವ ಧೈರ್ಯ ನಿಮಗಿದೆ, ಮಗಳನ್ನು ಒಂದು ವರ್ಷ ಮನೆಯಲ್ಲಿ ಓದಲು ಬಿಡುವ ಧೈರ್ಯ ಯಾಕಿಲ್ಲ? ಮದುವೆ ಮನೆಯಲ್ಲಿ ಯಾರಾದರೂ "ಮಗಳು ಈಗೆಂತ ಮಾಡುದು?" ಅಂತ ಕೇಳುತ್ತಾರೆ, ಅಷ್ಟೇ ತಾನೇ. ಮನೆಯಲ್ಲಿ ಇರುವುದು ಬೇಡ ಅಂದರೆ ಉಡುಪಿಯಲ್ಲೇ ವೈಕುಂಠ ಬಾಳಿಗಾ ಕಾನೂನು ಕಾಲೇಜಿದೆ, ವಿಚಾರಿಸಿ. ಅಥವಾ ಹತ್ತಿರದಲ್ಲೇ ಬಿಎ ಸೇರಿ, ಬೆಳಿಗ್ಗೆ ಎದ್ದು ಕ್ಲ್ಯಾಟಿಗೆ ಓದಲಿ.

ಕೃಷ್ಣಾಷ್ಟಮಿಯ ಮರುದಿನದ ವಿಟ್ಲಪಿಂಡಿಯ ಆಸುಪಾಸಿನಲ್ಲಿ ಸಾಮಾನ್ಯವಾಗಿ ಕ್ಲ್ಯಾಟಿನ ಅರ್ಜಿ ತೆರೆದಿರುತ್ತದೆ. ಪೇಟೆಗೆ ಬಂದಾಗ ಮಗಳ ಫೋಟೋ ತೆಗೆಸಿಟ್ಟುಕೊಳ್ಳಿ. ಭಾವನವರಿಗೆ ನನ್ನ ನಮಸ್ಕಾರ ಹೇಳಿ. ಮುಂದಿನ ಪತ್ರ ಅವಳೇ ಬರೆಯಲಿ, ಒಂದು ಸಾಲೂ ಕತ್ತರಿಸದೆ ಹಾಕುತ್ತೇನೆ.